ಕೆಂಚನನ್ನು ಒಲಿಸಿಕೊಳ್ಳಲು: ಮೀನೋ, ಆಟವೋ, ಸುಮ್ಮನೆ ಕೂರುವುದೋ?

ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಎರಡು ವರ್ಷದ ಹಿಂದೆ, ಅಡಿಕೆ ಕೊಯ್ಲಿನ ಹೊತ್ತಿಗೆ, ಕೊಟ್ಟಿಗೆಯ ಅಟ್ಟಕ್ಕೆ ಬಂದು ಸೇರಿಕೊಂಡವನು ಕೆಂಚ. ಆಗಲೇ ಬೆಳೆದ ಗಂಡು ಬೆಕ್ಕು. ಹುಟ್ಟಿದ 2ರಿಂದ 7ನೇ ವಾರದೊಳಗೆ ಮನುಷ್ಯರ ಕೈಯಲ್ಲಿ ಆಡಿದ ಮರಿಗಳು ಬೇಗ ಒಗ್ಗಿಕೊಳ್ಳುತ್ತವೆ. ಇವನಿಗೆ ಆ ಭಾಗ್ಯ ಸಿಕ್ಕಿರಲಿಲ್ಲ ಎಂದು ಕಾಣುತ್ತದೆ. ಹಾಲು ಕರೆಯಲು ಹೋದ ನನ್ನನ್ನು ಕಂಡೊಡನೆ ಬೆನ್ನು ಬಿಲ್ಲಿನಂತೆ ಮಾಡಿಕೊಂಡು ಬುಸುಗುಟ್ಟಿದ. ಅವನ ಮೇಲೆ ನಾಲ್ಕು ದಾರಿಗಳನ್ನು ಪ್ರಯೋಗಿಸಿ ನೋಡಿದ್ದೇನೆ.

ಮೊದಲನೆಯದು ಹಿಡಿದು ಮುದ್ದಿಸುವುದು. "ಗೋಣಿಚೀಲ ಹಾಕಿ ಹಿಡಿದು ಎರಡು ದಿನ ಒಳಗಿಟ್ಟುಕೋ ಕಣೇ, ತಾನಾಗಿ ಪಳಗುತ್ತದೆ" ಎಂದರು ಅತ್ತೆ. ಹಿಡಿದೆ. ಮಣಿಕಟ್ಟಿಗೆ ಹಲ್ಲು ನೆಟ್ಟು ಓಡಿದವನು ಹತ್ತು ದಿನ ಮುಖ ತೋರಿಸಲಿಲ್ಲ. ಗಾಯವನ್ನು ಸೋಪು ಹಚ್ಚಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಅಂದೇ ರೇಬೀಸ್ ಲಸಿಕೆ ಹಾಕಿಸಿಕೊಂಡೆ. ಬೆಕ್ಕು ಕಚ್ಚಿದರೆ ಅರಿಶಿನ ಮೆತ್ತಿ ಸುಮ್ಮನಿರುವವರು ನಮ್ಮ ಕಡೆ ಈಗಲೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಈ ದಾರಿಯನ್ನು ಯಾರಿಗೂ ಹೇಳಲಾರೆ.

ಎರಡನೆಯದು ತಿನಿಸು. ಹಾಲು ಇಟ್ಟೆ, ಹೊಟ್ಟೆ ಕೆಟ್ಟಿತು. ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲು ಅರಗುವುದಿಲ್ಲ. ಘಟ್ಟದ ಕೆಳಗಿನಿಂದ ಬರುವ ಒಣಮೀನನ್ನು ನೆನೆಸಿ, ಉಪ್ಪು ಹೋಗುವಂತೆ ತೊಳೆದು ಬೇಯಿಸಿ ಕೊಟ್ಟೆ. ಮೂರೇ ದಿನದಲ್ಲಿ ಕೈಯಳತೆಗೆ ಬಂದ! ಗೆದ್ದೆ ಎಂದುಕೊಂಡೆ. ಆದರೆ ಮೀನಿನ ಕೊನೆಯ ಚೂರು ಮುಗಿದ ಕ್ಷಣಕ್ಕೆ ತಲೆ ಎತ್ತಿ, ಎದುರಿಗೇ ಇದ್ದ ನನ್ನ ಕೈಯನ್ನು ಆಗಷ್ಟೇ ಕಂಡವನಂತೆ ಬೆಚ್ಚಿ ಪರಚಿದ. ಅವನ ಧೈರ್ಯ ಒಪ್ಪದಷ್ಟು ಹತ್ತಿರಕ್ಕೆ ಹಸಿವು ಅವನನ್ನು ಎಳೆದು ತಂದಿತ್ತು. ಆಮೇಲೆ ತಟ್ಟೆ ಇಟ್ಟು ನಾನೇ ದೂರ ಸರಿಯತೊಡಗಿದೆ, ಪರಚುವುದು ನಿಂತಿತು.

ಆಟ ಇದಕ್ಕಿಂತ ಮೇಲು. ಉದ್ದನೆಯ ಬಿದಿರ ಕಡ್ಡಿ, ಅದಕ್ಕೆ ಬಾಳೆನಾರು, ತುದಿಗೆ ಒಣ ಅಡಿಕೆ ಸಿಪ್ಪೆ. ನಡುವೆ ಅಂತರವಿರುವುದರಿಂದ ಅವನಿಗೂ ಭಯವಿಲ್ಲ, ನನಗೂ ಇಲ್ಲ. ಕೈಬೆರಳನ್ನೇ ಆಟಿಕೆ ಮಾಡಿದರೆ ಮಾತ್ರ ಕೈಯನ್ನು ಕಚ್ಚಲು ನಾವೇ ಕಲಿಸಿದಂತೆ. ಆಟ ಮುಗಿದೊಡನೆ ನಾರನ್ನು ತೆಗೆದಿಡಬೇಕು, ನುಂಗಿದರೆ ಕರುಳಿಗೆ ಅಪಾಯ.

ನನಗೆ ಎಲ್ಲಕ್ಕಿಂತ ಹೆಚ್ಚು ಕೊಟ್ಟದ್ದು ನಾಲ್ಕನೆಯದು, ಸುಮ್ಮನೆ ಕೂರುವುದು. ಆಷಾಢದ ಜಡಿಮಳೆಗೆ ಕೆಂಚ ಬಚ್ಚಲ ಒಲೆಯ ಬಳಿಗೆ ಬರತೊಡಗಿದ್ದ. ಎರಡು ಮಾರು ದೂರದಲ್ಲಿ, ಅವನಿಗೆ ಓರೆಯಾಗಿ ಮಣೆ ಹಾಕಿಕೊಂಡು ಹಲಸಿನ ಬೀಜ ಸುಲಿಯುತ್ತಾ ಕೂರುತ್ತಿದ್ದೆ. ದಿಟ್ಟಿಸುತ್ತಿರಲಿಲ್ಲ. ಕಣ್ಣು ಕೂಡಿದರೆ ನಿದ್ದೆ ಬಂದವರಂತೆ ನಿಧಾನವಾಗಿ ರೆಪ್ಪೆ ಮುಚ್ಚಿ ತೆರೆಯುತ್ತಿದ್ದೆ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ಮಾಡಿದವರಿಗೆ ಬೆಕ್ಕುಗಳು ತಾವೂ ಕಣ್ಣು ಕಿರಿದಾಗಿಸಿ ಉತ್ತರ ಕೊಟ್ಟಿದ್ದವು. ಕೆಂಚ ಉತ್ತರಿಸಲು ಮೂರು ವಾರ ಬೇಕಾಯಿತು. ಅಂದು ಒಲೆಯ ಬೆಳಕಿನಲ್ಲಿ ಅವನ ಹಳದಿ ಕಣ್ಣು ಸಣ್ಣ ಗೆರೆಯಾಗಿ, ಅರೆಗಳಿಗೆ ಪೂರಾ ಮುಚ್ಚಿ, ಮತ್ತೆ ತೆರೆಯಿತು. ನನ್ನ ಕೈಯಲ್ಲಿದ್ದ ಬೀಜ ಕೈಯಲ್ಲೇ ಉಳಿಯಿತು.

ಮೀನು ಮೂರು ದಿನದಲ್ಲಿ ತಂದದ್ದನ್ನು ಇದು ತಿಂಗಳಲ್ಲಿ ತಂದಿತು, ಆದರೆ ಬಂದದ್ದು ಉಳಿಯಿತು. ನಡುವೆ ಪಶುವೈದ್ಯರಿಂದ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದ್ದೂ ಅವನ ಕಾದಾಟವನ್ನು ತಗ್ಗಿಸಿತು. ಸಾಧುವಾಗಿದ್ದ ಬೆಕ್ಕು ಇದ್ದಕ್ಕಿದ್ದಂತೆ ಮೇಲೆರಗುತ್ತಿದ್ದರೆ ಮೊದಲು ವೈದ್ಯರಲ್ಲಿಗೇ ಹೋಗಿ, ಎಲ್ಲೋ ನೋವಿರಬಹುದು.

ಈಗ ಮೂಗಿನ ಮಟ್ಟಕ್ಕೆ ಒಂದು ಬೆರಳು ಚಾಚುತ್ತೇನೆ. ಮೂಸಿ, ಕೆನ್ನೆ ಉಜ್ಜಿದರೆ ಗಲ್ಲದ ಕೆಳಗೆ ಮೂರು ಸಲ ಸವರಿ ನಿಲ್ಲಿಸುತ್ತೇನೆ. ಬಾಲದ ತುದಿ ಮಿಸುಕಿದರೆ, ಕಿವಿ ಹಿಂದೆ ವಾಲಿದರೆ ಕೈ ಹಿಂದಕ್ಕೆ. ಹೊಟ್ಟೆ ಮುಟ್ಟುವುದಿಲ್ಲ. ಮಡಿಲಿಗೆ ಅವನು ಇಂದಿಗೂ ಬಂದಿಲ್ಲ. ಮಣೆಯ ಪಕ್ಕ ಒಂದು ಹಳೆಯ ಕಂಬಳಿ ಹಾಸಿಟ್ಟಿದ್ದೆ. ನಿನ್ನೆ ರಾತ್ರಿ ಅದರ ಮೇಲೆ, ನನ್ನ ಕಡೆಗೆ ಬೆನ್ನು ಹಾಕಿ ಮಲಗಿದ.