ಹೊಟ್ಟೆಕಿಚ್ಚಿಗೆ ಜಾಗವಿಲ್ಲದ ಮಿದುಳು

ತುಮಕೂರಿನ ಪದವಿಪೂರ್ವ ಕಾಲೇಜೊಂದರಲ್ಲಿ ಮನಶ್ಶಾಸ್ತ್ರ ಪಾಠ ಮಾಡುವ ನಾನು, ಕಳೆದ ಜೂನ್‌ನಲ್ಲಿ ನಮ್ಮ ವಿಭಾಗಕ್ಕೆಂದು ಮಿದುಳಿನ ಪ್ಲಾಸ್ಟಿಕ್ ಮಾದರಿಯೊಂದನ್ನು ಕೊಂಡುತಂದೆ. ನಿಜಗಾತ್ರದ್ದು, ಎಂಟು ತುಂಡುಗಳಾಗಿ ಬಿಡಿಸಿ ಮತ್ತೆ ಜೋಡಿಸಬಹುದಾದದ್ದು, ಬೆಲೆ 2,850 ರೂಪಾಯಿ. ವರ್ಷದ ಬಹುಭಾಗ ಅದು ವಿದ್ಯಾರ್ಥಿಗಳ ಕೈಯಿಂದ ಕೈಗೆ ಓಡಾಡಿದೆ, ಎರಡು ಬಾರಿ ನೆಲಕ್ಕೂ ಬಿದ್ದಿದೆ. ಇಂಥದ್ದನ್ನು ಕೊಳ್ಳಬೇಕೆಂದಿರುವ ಉಪನ್ಯಾಸಕರಿಗೆ ಉಪಯೋಗವಾಗಲಿ ಎಂದು ಅದರ ಗುಣದೋಷಗಳನ್ನು ಇಲ್ಲಿ ಬರೆದಿದ್ದೇನೆ.

ಅಂಗಡಿಯ ವಿಷಯವನ್ನು ಬೇಗ ಮುಗಿಸುತ್ತೇನೆ. ಪ್ರಯೋಗಾಲಯದ ಸಾಮಾನು ಮಾರುವ ಊರಿನ ಒಂದು ಅಂಗಡಿಯಲ್ಲಿ ಹೇಳಿ ತರಿಸಿದೆ. ಕಿರುಮಿದುಳಿನ ತುಂಡನ್ನು ಹಿಡಿದಿಡುವ ಅಯಸ್ಕಾಂತ ಮೊದಲ ದಿನವೇ ಕಿತ್ತುಬಂತು. ಬದಲಾಯಿಸಿಕೊಡಲು ಮೂರು ವಾರ ಹಿಡಿಯಿತು, ಆದರೆ ಬದಲಾಯಿಸಿಕೊಟ್ಟರು. ಜೊತೆಗೆ ಬಂದ ವಿವರಣೆಯ ಹಾಳೆ ಇಂಗ್ಲಿಷಿನಲ್ಲಿ ಮಾತ್ರ ಇತ್ತು. ಕನ್ನಡ ಮಾಧ್ಯಮದ ಮಕ್ಕಳಿಗಾಗಿ ನಾನೇ ಒಂದು ಹಾಳೆ ಬರೆಯಬೇಕಾಯಿತು, ಆ ಕೆಲಸದಿಂದ ಲಾಭವಾದದ್ದು ನನಗೇ. ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಎಂದರೆ ಕಡಲ್ಗುದುರೆ, ಭಯದಂಥ ಭಾವನೆಗಳಿಗೆ ಬೇಕಾದ ಅಮಿಗ್ಡಲಾ ಎಂದರೆ ಬಾದಾಮಿ ಎಂದು ಬರೆದುಕೊಟ್ಟ ಮೇಲೆ ಆ ಎರಡು ಹೆಸರುಗಳನ್ನು ಯಾರೂ ಮರೆತಿಲ್ಲ.

ಮಾದರಿಯ ನಿಜವಾದ ಬಲ ಇರುವುದು ಒಂದು ತುಂಡನ್ನು ತೆಗೆದು ಪಕ್ಕಕ್ಕಿಡಲು ಬರುವುದರಲ್ಲಿ. ಫಿನಿಯಸ್ ಗೇಜ್‌ನ ಕತೆಯನ್ನು ನಾನು ಎಷ್ಟೋ ವರ್ಷ ಕಪ್ಪುಹಲಗೆಯ ಮೇಲೆ ಬರೆದು ಹೇಳಿದ್ದೇನೆ. 1848ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ರೈಲುಹಾದಿಗಾಗಿ ಬಂಡೆ ಸಿಡಿಸುತ್ತಿದ್ದಾಗ, ಗುಣಿಯಲ್ಲಿ ಮದ್ದು ತುಂಬಿ ಜಡಿಯುವ ಕಬ್ಬಿಣದ ಸಲಾಕೆ ಅವನ ಎಡಗೆನ್ನೆಯಿಂದ ಹೊಕ್ಕು ನೆತ್ತಿಯಿಂದ ಹೊರಬಿತ್ತು. ಅದು ಮೂರು ಅಡಿ ಏಳು ಅಂಗುಲ ಉದ್ದದ್ದು, ಸುಮಾರು ಆರು ಕಿಲೋ ತೂಕದ್ದು. ಕಲ್ಲುಗಣಿ ಕಂಡಿರುವ ನಮ್ಮ ಹಳ್ಳಿಯ ಹುಡುಗರಿಗೆ ಸಲಾಕೆ ಎಂದರೇನೆಂದು ವಿವರಿಸಬೇಕಿಲ್ಲ. ಅದು ಹಾದುಹೋದ ಜಾಗ ಯಾವುದು ಎಂಬುದೇ ಅವರಿಗೆ ಕಾಣದೆ ಉಳಿಯುತ್ತಿತ್ತು. ಈಗ ಎಡಭಾಗದ ಮುಂದಿನ ಹಾಲೆಯ, ಅಂದರೆ ಹಣೆಯ ಹಿಂದಿನ ಭಾಗದ, ತುಂಡನ್ನು ಎತ್ತಿಟ್ಟು, ಪೆಟ್ಟು ಬಿದ್ದದ್ದು ಇದರ ಒಂದು ಪಾಲಿಗೆ, ಅವನ ನಡಿಗೆ, ಮಾತು, ನೆನಪು ಎಲ್ಲ ಉಳಿದವು ನೋಡಿ, ಆದರೂ ಅವನ ಗೆಳೆಯರು ಇವನು ನಮ್ಮ ಗೇಜ್ ಅಲ್ಲ ಎಂದರು ಎಂದು ಹೇಳಿದಾಗ ತರಗತಿ ಗಪ್‌ಚಿಪ್ ಆಗುತ್ತದೆ. ಸಂಯಮ, ಮುಂದಾಲೋಚನೆ, ಎದುರಿಗಿರುವವರ ಮನಸ್ಸು ನೋಯಿಸದಿರುವ ಜಾಣ್ಮೆ ಇವೆಲ್ಲ ಹಣೆಯ ಹಿಂದಿನ ಈ ಭಾಗವನ್ನು ಎಷ್ಟು ನೆಚ್ಚಿಕೊಂಡಿವೆ ಎಂಬುದು ಆ ಖಾಲಿ ಜಾಗದಿಂದಲೇ ಅರ್ಥವಾಗುತ್ತದೆ. ಅಪಘಾತದ ನಂತರ ಗೇಜ್ ಹನ್ನೊಂದು ವರ್ಷಕ್ಕೂ ಮೇಲ್ಪಟ್ಟು ಬದುಕಿದ್ದ, ಚಿಲಿ ದೇಶದಲ್ಲಿ ಕುದುರೆಬಂಡಿ ಓಡಿಸುತ್ತಿದ್ದ ಎಂಬುದನ್ನೂ ನಾನು ತಪ್ಪದೆ ಸೇರಿಸುತ್ತೇನೆ, ಏಕೆಂದರೆ ಪಠ್ಯಗಳು ಅವನನ್ನು ಕೆಟ್ಟವನನ್ನಾಗಿ ಮಾಡಿ ಅಲ್ಲಿಗೇ ಬಿಟ್ಟುಬಿಡುವುದು ಹೆಚ್ಚು.

ಕಪೋಲದ ಹಾಲೆಯ, ಅಂದರೆ ಕಿವಿಯ ಪಕ್ಕದ ಭಾಗದ, ತುಂಡಿನ ಬಗ್ಗೆ ಇಷ್ಟು ಒಳ್ಳೆಯ ಮಾತು ಹೇಳಲಾರೆ. ಅದರ ಒಳಮಗ್ಗುಲಲ್ಲಿ ಹಿಪೊಕ್ಯಾಂಪಸ್ ಇರಬೇಕು. ಬಲಭಾಗದ ತುಂಡಿನಲ್ಲಿ ಅದನ್ನು ಒಂದು ಉಬ್ಬಾಗಿ ತೋರಿಸಿದ್ದಾರೆ, ಎಡಭಾಗದಲ್ಲಿ ಇಲ್ಲವೇ ಇಲ್ಲ. ಅಮಿಗ್ಡಲಾ ಎರಡೂ ಕಡೆ ಕಾಣೆಯಾಗಿದೆ. ತಯಾರಕರಿಗೆ ಇದು ಚಿಕ್ಕ ಲೋಪವಾಗಿ ಕಂಡಿರಬಹುದು, ಮನಶ್ಶಾಸ್ತ್ರದ ಉಪನ್ಯಾಸಕರಿಗೆ ಹಾಗಲ್ಲ. 1953ರಲ್ಲಿ ಮೂರ್ಛೆರೋಗ ತಡೆಯಲೆಂದು ಶಸ್ತ್ರವೈದ್ಯ ವಿಲಿಯಂ ಸ್ಕೋವಿಲ್ ಎರಡೂ ಬದಿಯಿಂದ ಈ ಭಾಗವನ್ನು ತೆಗೆದುಹಾಕಿದ ಹೆನ್ರಿ ಮೊಲೇಸನ್‌ನ ಪ್ರಸಂಗ ನೆನಪಿನ ಅಧ್ಯಯನದ ದಿಕ್ಕನ್ನೇ ಬದಲಿಸಿತು. ಅವನಿಗೆ ಹಳೆಯ ನೆನಪುಗಳು ಬಹುಮಟ್ಟಿಗೆ ಉಳಿದವು, ಹೊಸತು ಒಂದೂ ನಿಲ್ಲಲಿಲ್ಲ. ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಅಂಚನ್ನು ಗೀಚುವ ಕೆಲಸವನ್ನು ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ ಅವನಿಂದ ಮೂರು ದಿನ ಮಾಡಿಸಿದರು. ದಿನದಿಂದ ದಿನಕ್ಕೆ ಅವನ ಕೈ ಪಳಗುತ್ತ ಹೋಯಿತು, ಆದರೆ ಪ್ರತಿದಿನವೂ ಅವನಿಗೆ ಅದು ಮೊದಲ ಸಲ ಮಾಡುತ್ತಿರುವ ಕೆಲಸ. ಕೈಯ ನೆನಪು ಬೇರೆ, ಘಟನೆಯ ನೆನಪು ಬೇರೆ ಎಂಬ ಇಷ್ಟು ದೊಡ್ಡ ಮಾತನ್ನು ಹೇಳುವಾಗ ಕೈಯಲ್ಲಿ ಹಿಡಿದು ತೋರಿಸಲು ಎರಡೂ ಬದಿಯ ಹಿಪೊಕ್ಯಾಂಪಸ್ ಬೇಕಿತ್ತು. ಕೊನೆಗೆ ಮಕ್ಕಳು ಆಟದ ಜೇಡಿಮಣ್ಣಿನಲ್ಲಿ ಒಂದು ಕಡಲ್ಗುದುರೆ, ಎರಡು ಬಾದಾಮಿ ಮಾಡಿ ಅಂಟಿಸಿದರು.

ಬಣ್ಣಗಳ ಬಗ್ಗೆ ನನ್ನ ತಕರಾರು ಇನ್ನೂ ದೊಡ್ಡದು. ಮುಂದಿನ ಹಾಲೆ ಕೆಂಪು, ಹಿಂದಿನದು ಹಸಿರು, ನೆತ್ತಿಯದು ಹಳದಿ, ಕಪೋಲದ್ದು ನೀಲಿ. ಗುರುತು ಹಿಡಿಯಲು ಸುಲಭ, ನಿಜ. ಆದರೆ ಮೊದಲ ತಿಂಗಳ ಕೊನೆಯಲ್ಲಿ ನಾನು ಓದಿದ ಉತ್ತರಪತ್ರಿಕೆಗಳಲ್ಲಿ ಮನಸ್ಸು ತಾಲ್ಲೂಕುಗಳಾಗಿ ಹಂಚಿಹೋಗಿತ್ತು: ತಿಪಟೂರಿನ ಕೆಲಸ ಶಿರಾಕ್ಕೆ ಗೊತ್ತಿಲ್ಲ, ಶಿರಾದ ಗೊಡವೆ ಪಾವಗಡಕ್ಕೆ ಬೇಡ ಎಂಬ ಹಾಗೆ. ಎಡಮಿದುಳು ಲೆಕ್ಕಕ್ಕೆ, ಬಲಮಿದುಳು ಕಲೆಗೆ ಎಂಬ ಸವಕಲು ಮಾತಂತೂ ಮಾದರಿ ಎರಡು ಹೋಳಾಗಿ ಬಿಚ್ಚಿಕೊಳ್ಳುವ ಕಾರಣಕ್ಕೇ ಇನ್ನಷ್ಟು ಗಟ್ಟಿಯಾಯಿತು. ಎರಡು ಹೋಳುಗಳ ನಡುವೆ ಸುಮಾರು 20 ಕೋಟಿ ನರತಂತುಗಳ ಸೇತುವೆಯಿದೆ. ಮೂರ್ಛೆರೋಗದ ಚಿಕಿತ್ಸೆಗಾಗಿ ಅದನ್ನು ಕತ್ತರಿಸಿಕೊಂಡವರನ್ನು ಪರೀಕ್ಷಿಸಿಯೇ ರೋಜರ್ ಸ್ಪೆರಿ ಎರಡೂ ಬದಿಯ ಕೆಲಸದಲ್ಲಿರುವ ವ್ಯತ್ಯಾಸಗಳನ್ನು ತೋರಿಸಿದ್ದು, 1981ರ ನೊಬೆಲ್ ಪಾರಿತೋಷಕ ಅವರಿಗೆ ಸಂದದ್ದು. ಸೇತುವೆ ಇದ್ದ ಹಾಗೇ ಇರುವ ನಮ್ಮ ನಿಮ್ಮ ತಲೆಯಲ್ಲಿ ಕೂಡಿಸುವುದಕ್ಕೂ ಹಾಡುವುದಕ್ಕೂ ಎರಡೂ ಬದಿ ದುಡಿಯುತ್ತವೆ. ಮಾದರಿಯಲ್ಲಿ ಆ ಸೇತುವೆ ಒಂದು ಬಿಳಿಯ ಕಮಾನು ಮಾತ್ರ, ಹೆಸರೂ ಬರೆದಿಲ್ಲ.

ಮಿದುಳಿಗೆ ನಿಜವಾಗಿ ಈ ಬಣ್ಣಗಳಿಲ್ಲ ಎಂದು ಬಾಯಲ್ಲಿ ಹೇಳುವುದು ಸಾಲದೆಂದು ಸೆಪ್ಟೆಂಬರ್‌ನಲ್ಲಿ ಮಕ್ಕಳನ್ನು ಬೆಂಗಳೂರಿನ ನಿಮ್ಹಾನ್ಸ್‌ನ ಮಿದುಳು ಸಂಗ್ರಹಾಲಯಕ್ಕೆ ಕರೆದೊಯ್ದೆ. ತುಮಕೂರಿನಿಂದ 70 ಕಿಲೋಮೀಟರ್ ಆಸುಪಾಸಿನ ದಾರಿ. ಅಲ್ಲಿ ಸಂರಕ್ಷಿಸಿಟ್ಟ ಮನುಷ್ಯನ ಮಿದುಳನ್ನು ಕೈಗವಸು ಹಾಕಿಕೊಂಡು ಹಿಡಿದು ನೋಡಬಹುದು. ಮಾಸಲು ಬೂದುಬಣ್ಣ, ಕೈಗೆ ಭಾರ, ಎಲ್ಲಿಂದ ಎಲ್ಲಿಗೆ ಯಾವ ಹಾಲೆ ಎಂದು ಗೆರೆ ಎಳೆದಿಲ್ಲ. ಬದುಕಿದ್ದಾಗ ಅದು ಗಿಣ್ಣಿನಷ್ಟು ಮೆತ್ತಗಿರುತ್ತದೆ, ದ್ರಾವಣದಲ್ಲಿಟ್ಟ ಮೇಲೆ ಹೀಗೆ ಗಟ್ಟಿಯಾಗುತ್ತದೆ ಎಂದು ತಿಳಿದಾಗ, ಅಪಘಾತದಲ್ಲಿ ತಲೆ ಅಲುಗಾಡಿದರೇ ಏಕೆ ಪೆಟ್ಟು ಎಂಬುದು ಹೆಲ್ಮೆಟ್ ಹಾಕದ ನಮ್ಮ ಹುಡುಗರಿಗೆ ತಾನಾಗಿ ಹೊಳೆಯಿತು. ನಮ್ಮ ಮಾದರಿಯ ತೂಕ ಮುಕ್ಕಾಲು ಕಿಲೋ ಕೂಡ ಇಲ್ಲ, ನಿಜವಾದದ್ದು 1.3ರಿಂದ 1.4 ಕಿಲೋ. ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು, ದೇಹ ವಿಶ್ರಾಂತಿಯಲ್ಲಿರುವಾಗ ಉರಿಸುವ ಶಕ್ತಿಯಲ್ಲಿ ಮಾತ್ರ ಸುಮಾರು ಇಪ್ಪತ್ತು ಪಾಲು ಅದಕ್ಕೇ.

ಒಂದು ಅನಿರೀಕ್ಷಿತ ಉಪಯೋಗವನ್ನು ಹೇಳದೆ ಬಿಡಬಾರದು. ಮಿಡ್‌ಬ್ರೈನ್ ಚುರುಕುಗೊಳಿಸುತ್ತೇವೆ, ಕಣ್ಣಿಗೆ ಬಟ್ಟೆ ಕಟ್ಟಿದರೂ ಮಗು ಓದುತ್ತದೆ ಎಂದು ಸಾವಿರಗಟ್ಟಲೆ ರೂಪಾಯಿ ಕೇಳುವ ತರಬೇತಿಗಳ ಬಗ್ಗೆ ಪೋಷಕರೊಬ್ಬರು ನನ್ನ ಅಭಿಪ್ರಾಯ ಕೇಳಲು ಬಂದಿದ್ದರು. ಮಾದರಿಯನ್ನು ಬಿಚ್ಚಿ ಮಧ್ಯಮಿದುಳನ್ನು ತೋರಿಸಿದೆ: ಮಿದುಳುಕಾಂಡದ ತುದಿಯಲ್ಲಿ ಹೆಬ್ಬೆರಳಿನ ಅಗಲದ ಒಂದು ತುಣುಕು. ಕಣ್ಣುಗುಡ್ಡೆ ಹೊರಳಿಸುವುದು, ಸದ್ದು ಬಂದತ್ತ ತಲೆ ತಿರುಗಿಸುವುದು, ನಮ್ಮನ್ನು ಎಚ್ಚರದಲ್ಲಿಡುವುದು ಅದರ ಕೆಲಸಗಳಲ್ಲಿ ಕೆಲವು. ಅದು ಮಲಗಿಬಿಟ್ಟಿದ್ದರೆ ನಿಮ್ಮ ಮಗು ಎದ್ದು ಕುಳಿತಿರುತ್ತಲೇ ಇರಲಿಲ್ಲ ಎಂದೆ. ಮಾದರಿಯ ಬೆಲೆ ಅವತ್ತೇ ವಸೂಲಾಯಿತು ಎಂದುಕೊಂಡಿದ್ದೇನೆ.

ಇನ್ನು ನನ್ನ ಮುಖ್ಯ ದೂರಿಗೆ ಬರುತ್ತೇನೆ. ಗುಬ್ಬಿ ಕಡೆಯಿಂದ ಬರುವ ಒಬ್ಬ ವಿದ್ಯಾರ್ಥಿನಿ ಎಂಟೂ ತುಂಡುಗಳನ್ನು ತಿರುಗಿಸಿ ನೋಡಿ, “ಮೇಡಂ, ಹೊಟ್ಟೆಕಿಚ್ಚು ಇದರಲ್ಲಿ ಎಲ್ಲೈತೆ?” ಎಂದು ಕೇಳಿದಳು. ತರಗತಿಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ, ಉತ್ತರವೂ ತಕ್ಷಣ ಬರಲಿಲ್ಲ. ಕನ್ನಡ ಮಾತಾಡುವವರು ಅಸೂಯೆಯನ್ನು ಹೊಟ್ಟೆಯಲ್ಲಿ, ಧೈರ್ಯವನ್ನು ಎದೆಯಲ್ಲಿ, ಮಮತೆಯನ್ನು ಕರುಳಿನಲ್ಲಿ ಇಟ್ಟವರು. ಭಯವಾದರೆ ನಮ್ಮ ಕೈಕಾಲು ತಣ್ಣಗಾಗುತ್ತವೆ, ಎದೆ ಧಸಕ್ಕೆನ್ನುತ್ತದೆ. ಇವು ಬರೀ ನುಡಿಗಟ್ಟುಗಳಲ್ಲ. ಹೆದರಿದಾಗ, ನಮ್ಮ ಇಚ್ಛೆಗೆ ಕಾಯದೆ ಒಳ ಅಂಗಗಳನ್ನು ನಡೆಸುವ ಸ್ವಾಯತ್ತ ನರಮಂಡಲ ಚರ್ಮದ ರಕ್ತನಾಳಗಳನ್ನು ಕುಗ್ಗಿಸುವುದರಿಂದಲೇ ಕೈ ತಣ್ಣಗಾಗುವುದು, ಜೀರ್ಣಾಂಗಗಳ ಕೆಲಸವನ್ನು ಅದು ತಡೆಹಿಡಿಯುವುದರಿಂದಲೇ ಹೊಟ್ಟೆಯಲ್ಲಿ ಏನೋ ಆದಂತಾಗುವುದು. ದೇಹದ ಈ ಬದಲಾವಣೆಗಳ ಅರಿವೇ ಭಾವನೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1884ರಲ್ಲೇ ವಾದಿಸಿದ್ದರು. ಅಷ್ಟೇ ಸಾಲದು, ಕರುಳು ಇಷ್ಟು ನಿಧಾನಿಯಾಗಿರುವಾಗ ಭಯ ಅಷ್ಟು ಬೇಗ ಹೇಗೆ ಹುಟ್ಟೀತು ಎಂದು ಶರೀರಕ್ರಿಯಾಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ ಆಮೇಲೆ ಆಕ್ಷೇಪಿಸಿದರು. ಆ ಚರ್ಚೆ ರೂಪ ಬದಲಿಸಿಕೊಂಡು ಇಂದಿಗೂ ನಡೆದಿದೆ.

ನಮ್ಮ ಮಾದರಿಯಾದರೋ ಮಿದುಳುಕಾಂಡದ ಕೆಳಗೆ ಕತ್ತರಿಸಿ ನಿಲ್ಲುತ್ತದೆ. ಅಲ್ಲಿಂದ ಹೊರಟು ಗಂಟಲು, ಹೃದಯ, ಶ್ವಾಸಕೋಶ, ಜಠರ, ಕರುಳಿನವರೆಗೆ ಅಲೆಯುವ ವೇಗಸ್ ನರದ ಸುಳಿವೇ ಇಲ್ಲ. ಆ ನರದ ತಂತುಗಳಲ್ಲಿ ಹೆಚ್ಚಿನವು ಮಿದುಳಿನ ಅಪ್ಪಣೆಯನ್ನು ಕೆಳಗೆ ಒಯ್ಯುವುದಿಲ್ಲ, ಒಡಲಿನ ಸುದ್ದಿಯನ್ನು ಮೇಲಕ್ಕೆ ತಲುಪಿಸುತ್ತವೆ. 1921ರಲ್ಲಿ ಆಟೋ ಲೋವಿ ಒಂದು ಕಪ್ಪೆಯ ಹೃದಯದ ವೇಗಸ್ ನರವನ್ನು ಪ್ರಚೋದಿಸಿ, ಬಡಿತ ನಿಧಾನವಾದ ಮೇಲೆ ಆ ಹೃದಯವನ್ನು ತೋಯಿಸಿದ್ದ ದ್ರವವನ್ನು ಇನ್ನೊಂದು ಕಪ್ಪೆಯ ಹೃದಯಕ್ಕೆ ಹಾಕಿದಾಗ ಅದರ ಬಡಿತವೂ ನಿಧಾನವಾಯಿತು. ನರಗಳು ರಾಸಾಯನಿಕದ ಮೂಲಕ ಮಾತಾಡುತ್ತವೆ ಎಂಬುದಕ್ಕೆ ಅದು ಸಾಕ್ಷಿಯಾಯಿತು. ಈ ಪ್ರಯೋಗದ ಯೋಚನೆ ತಮಗೆ ನಿದ್ದೆಯಲ್ಲಿ ಹೊಳೆಯಿತೆಂದು ಲೋವಿ ಹೇಳಿಕೊಂಡಿದ್ದರು ಎಂದರೆ ಕೊನೆಯ ಬೆಂಚಿನವರೂ ಕಣ್ಣು ಬಿಡುತ್ತಾರೆ. ಇಷ್ಟೆಲ್ಲ ಹೇಳಲು ತಲೆಯೊಳಗಿನ ಪ್ಲಾಸ್ಟಿಕ್ ತುಂಡು ಮಾತ್ರ ಕೈಯಲ್ಲಿದ್ದರೆ ಏನು ಪ್ರಯೋಜನ?

ಹಾಗಾಗಿ ಒಂದು ಕೆಂಪು ಉಲ್ಲನ್ ಉಂಡೆ ತಂದೆ. ಪ್ರಶ್ನೆ ಕೇಳಿದ ಹುಡುಗಿಯೇ ಮಾದರಿಯನ್ನು ತಲೆಯ ಪಕ್ಕ ಎತ್ತಿ ಹಿಡಿದು ನಿಂತಳು; ಕಾಂಡಕ್ಕೆ ದಾರ ಕಟ್ಟಿ, ಸಮವಸ್ತ್ರದ ಮೇಲೆ ಗಂಟಲಿನಿಂದ ಹೊಟ್ಟೆಯವರೆಗೆ ಎಳೆದು ಪಿನ್ನು ಚುಚ್ಚಿದೆವು. ಹೊಟ್ಟೆಕಿಚ್ಚು ಯಾವ ಒಂದು ತುಂಡಿನಲ್ಲೂ ಇಲ್ಲ. ಇನ್ನೊಬ್ಬರಿಗೆ ಸಿಕ್ಕಿದ್ದನ್ನು ನನಗೆ ಸಿಕ್ಕದ್ದರೊಡನೆ ತೂಗುವ ಹಣೆಯ ಹಿಂದಿನ ಭಾಗ, ಹಳೆಯ ಸೋಲನ್ನು ನೆನಪಿಸುವ ಭಾಗ, ಒಡಲಿನ ಸುದ್ದಿಯನ್ನು ಓದುವ ಇನ್ಸುಲಾ, ಈ ದಾರ, ಎಲ್ಲ ಸೇರಿದಾಗ ಅದು ಹುಟ್ಟುತ್ತದೆ ಎಂದೆ. ಆ ಇನ್ಸುಲಾ ಕೂಡ ಮಾದರಿಯಲ್ಲಿ ಹೊರಗೆ ಕಾಣುವುದಿಲ್ಲ, ಕಪೋಲದ ತುಂಡನ್ನು ತೆಗೆದರೆ ಒಳಗಿನ ಮಡಿಕೆಯಲ್ಲಿ ಬಣ್ಣವಿಲ್ಲದೆ ಕೂತಿದೆ.

ಕೊಳ್ಳಬಹುದೇ ಎಂದರೆ, ಜೀವಶಾಸ್ತ್ರದವರು ಕಣ್ಣು ಮುಚ್ಚಿ ಕೊಳ್ಳಬಹುದು. ಮನಶ್ಶಾಸ್ತ್ರದವರು ಕೊಳ್ಳುವ ಮುನ್ನ ಎರಡೂ ಬದಿಯಲ್ಲಿ ಹಿಪೊಕ್ಯಾಂಪಸ್ ಇದೆಯೇ ಎಂದು ಬಿಚ್ಚಿಸಿ ನೋಡಬೇಕು, ಕಿರುಮಿದುಳಿನ ಅಯಸ್ಕಾಂತವನ್ನು ಎಳೆದು ಪರೀಕ್ಷಿಸಬೇಕು. ನರಗಳ ಸಮೇತ ಇರುವ ಮುಂಡದ ಮಾದರಿಗೆ ಅದೇ ಅಂಗಡಿಯವರು ಹನ್ನೊಂದು ಸಾವಿರ ಹೇಳುತ್ತಾರೆ. ಪ್ರಾಂಶುಪಾಲರಿಗೆ ಅರ್ಜಿ ಕೊಟ್ಟಿದ್ದೇನೆ. ಅದು ಮಂಜೂರಾಗುವವರೆಗೆ ಉಲ್ಲನ್ ಉಂಡೆಯನ್ನು ಮಾದರಿಯ ಡಬ್ಬದಲ್ಲೇ ಇಟ್ಟು ಬೀಗ ಹಾಕುತ್ತಿದ್ದೇನೆ.