ಬಳಪದ ವಾಸನೆಯ ಬಿಳಿ ವೈನು: ಮೂರು ಬಾಟಲಿ, ಒಂದು ಸಂಜೆ

ಪೋರ್ಚುಗಲ್ಲಿನ ಪೋರ್ಟೊದ ವೈನ್ ಅಂಗಡಿಯಲ್ಲಿ "ಬಿಳಿಯದು ಯಾವುದು ಚೆನ್ನಾಗಿದೆ?" ಅಂತ ಕೇಳಿದರೆ ಅರ್ಧ ಗಂಟೆ ಹೋಯಿತು ಅಂತಲೇ ಲೆಕ್ಕ. ಈ ಸಲ ಕೇಳಲಿಲ್ಲ. ಮೂರು ಬಾಟಲಿ ತಂದು, ಮನೆಯಲ್ಲೇ ಪಕ್ಕಪಕ್ಕ ಇಟ್ಟು ನೋಡಿದೆವು. ನಾನು, ಹೆಂಡತಿ, ಕೆಳಗಿನ ಮನೆಯ ಪೋರ್ಚುಗೀಸ್ ಅಜ್ಜಿ.

ಮೊದಲು ಅಲ್ವಾರೀನ್ಯು ಅನ್ನುವ ದ್ರಾಕ್ಷಿಯದು. ಸ್ಪೇನ್ ಗಡಿಯ ಮಿನ್ಯು ನದಿ ದಂಡೆಯ ಮೊನ್ಸಾಂವ್ ಊರಿನದು, ಸ್ಟೀಲ್ ಟ್ಯಾಂಕಿನಲ್ಲಿ ಮಾಡಿದ್ದು, ಮರದ ಪೀಪಾಯಿ ಮುಟ್ಟಿಸಿಲ್ಲ. ನಿಂಬೆ, ಪೀಚ್, ಚುರುಕಾದ ಹುಳಿ. ಸೆಕೆಗೆ ಚೆಂದ, ಗ್ಲಾಸು ಖಾಲಿಯಾದದ್ದೇ ಗೊತ್ತಾಗುವುದಿಲ್ಲ. ಆದರೆ ಉಳಿದೆರಡರ ಪಕ್ಕದಲ್ಲಿ ಸ್ವಲ್ಪ ತೆಳು ಅನಿಸಿತು.

ನಾನು ಕಾಯುತ್ತಿದ್ದದ್ದು ದೋರು ಕಣಿವೆಯ ಬ್ಲೆಂಡಿಗೆ. ರಬಿಗಾತು, ವಿಯೊಜೀನ್ಯು, ಗೊವೆಯು, ಮೂರು ದ್ರಾಕ್ಷಿ ಸೇರಿಸಿ ಫ್ರೆಂಚ್ ಓಕ್ ಮರದ ಪೀಪಾಯಿಯಲ್ಲಿ ಇಟ್ಟದ್ದು. ರಬಿಗಾತು ಅಂದರೆ ಬೆಕ್ಕಿನ ಬಾಲ, ಗೊಂಚಲು ಹಾಗೆ ಉದ್ದವಂತೆ. 1756ರಲ್ಲೇ ಗಡಿ ಗುರುತಿಸಿದ ಪ್ರದೇಶ, ಹೆಸರು ಮಾಡಿದ್ದು ಪೋರ್ಟ್ ಅನ್ನುವ ಸಿಹಿ ವೈನಿಗೆ. ಬಿಳಿ ವೈನಿನ ಒಳ್ಳೆಯ ದ್ರಾಕ್ಷಿ ಸಿಗುವುದು ಮೇಲಿನ ತಂಪು ತೋಟಗಳಲ್ಲಿ. ಅಲ್ಲಿ ಹುಳಿ ಉಳಿಯುತ್ತದೆ.

ತಪ್ಪು ನನ್ನದೇ. ಫ್ರಿಜ್ಜಿನಿಂದ ತೆಗೆದ ಕೂಡಲೇ ಬಗ್ಗಿಸಿದೆ. ಮೂಗಿಗೆ ಬಂದದ್ದು ಬರೀ ಮರ, ವೆನಿಲಾ. "ವೈನಲ್ಲ ಇದು, ಹೊಸ ಬೀರುವಿನ ಬಾಗಿಲು ತೆಗೆದ ಹಾಗಿದೆ" ಅಂದಳು ಹೆಂಡತಿ. ಗ್ಲಾಸು ಹಾಗೇ ಇಟ್ಟೆವು. ಇಪ್ಪತ್ತು ನಿಮಿಷ ಬಿಟ್ಟು ಮೂಗಿಗೆ ಹಿಡಿದರೆ ಬೇರೆಯೇ ವಾಸನೆ. ಚಿಕ್ಕವರಿದ್ದಾಗ ಎಂಜಲು ಹಚ್ಚಿ ಸ್ಲೇಟು ಒರೆಸುತ್ತಿದ್ದೆವಲ್ಲ, ಅದೇ! ಒದ್ದೆ ಕಲ್ಲು, ಬಳಪದ ಪುಡಿ, ನಾಲಿಗೆಯ ತುದಿಯಲ್ಲಿ ಉಪ್ಪಿನಂಥದ್ದೇನೋ. ವೈನಿನವರು 'ಮಿನರಲ್' ಅನ್ನುವುದು ಇದಕ್ಕೇ ಇರಬೇಕು.

ದೋರುವಿನ ನೆಲವೂ ಸ್ಲೇಟಿನ ಬಳಗದ್ದೇ, ಪದರ ಪದರವಾಗಿ ಸೀಳುವ ಶಿಸ್ಟ್ ಕಲ್ಲು. ತೋಟಗಳಲ್ಲಿ ಬಳ್ಳಿಗೆ ಆಸರೆಯ ಕಂಬವೂ ಕೆಲವು ಕಡೆ ಅದರದ್ದೇ. ಹಾಗಂತ ಕಲ್ಲಿನ ರುಚಿ ಬೇರಿನಿಂದ ಏರಿ ಬಾಟಲಿಗೆ ಬಂತು ಅಂದುಕೊಳ್ಳಬೇಡಿ. ಹಾಗೆ ಆಗುವುದಿಲ್ಲ ಅಂತ ಭೂವಿಜ್ಞಾನಿಗಳು ಹೇಳುತ್ತಾರೆ. ಸುಮ್ನೆ ನನ್ನ ಮೂಗಿಗೆ ಶಾಲೆ ನೆನಪಾಯಿತು, ಅಷ್ಟೇ.

ಮೂರನೆಯದು ದಾಂವ್ ಪ್ರದೇಶದ ಎಂಕ್ರುಜಾದು. ಒಂದೇ ದ್ರಾಕ್ಷಿ, ಗ್ರಾನೈಟ್ ನೆಲ, ಇದೂ ಪೀಪಾಯಿಯದೇ. ಆದರೆ ಮರ ಹಿಂದೆ ನಿಂತಿತ್ತು. ಆ ಸಂಜೆ ಇದು ಬಾಯಿಯೇ ಬಿಡಲಿಲ್ಲ, ವಾಸನೆ ರುಚಿ ಎಲ್ಲ ಒಳಗೇ ಇಟ್ಟುಕೊಂಡಿತು. ಅಲ್ಲಿಗೆ ದೋರು ಗೆದ್ದಂತೆ ಅಂದುಕೊಂಡೆ.

ಊಟಕ್ಕೆ ಕೂತಾಗ ಲೆಕ್ಕ ತಲೆಕೆಳಗಾಯಿತು. ನಮ್ಮ ಮನೆಯಿಂದ ಮಂಗಳೂರು ಮಸಾಲೆಯ ಬೂತಾಯಿ (ಸಾರ್ಡಿನ್) ಮೀನಿನ ಫ್ರೈ. ಪೋರ್ಚುಗೀಸರಿಗೂ ಬೂತಾಯಿ ಪ್ರಾಣ. ಜೂನ್ 23ರ ರಾತ್ರಿ ಸಾಂವ್ ಜುವಾಂವ್ ಹಬ್ಬಕ್ಕೆ ಪೋರ್ಟೊ ತುಂಬಾ ಅದರ ಹೊಗೆಯೇ. ಅವರದು ಬರೀ ಉಪ್ಪು, ನಮ್ಮದು ಬ್ಯಾಡಗಿ ಮೆಣಸು. ಖಾರದ ಜೊತೆ ಓಕ್ ಕಹಿಯಾಗಿಬಿಟ್ಟಿತು. ತೆಳು ಅಂದಿದ್ದ ಅಲ್ವಾರೀನ್ಯುವೇ ಮಾನ ಉಳಿಸಿತು. ಅಜ್ಜಿ ತಂದಿದ್ದು ಬಕಲ್ಯಾವ್: ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನನ್ನು ನೆನೆಸಿ ಬೇಯಿಸಿ, ಆಲೂಗಡ್ಡೆಯ ಮೇಲೆ ಧಾರಾಳ ಆಲಿವ್ ಎಣ್ಣೆ. ಅದಕ್ಕೆ ದೋರು ಹೇಳಿ ಮಾಡಿಸಿದ ಜೋಡಿ. ಎಣ್ಣೆಯ ಜಿಡ್ಡನ್ನು ಆ ಹುಳಿ ಕತ್ತರಿಸುತ್ತಾ ಹೋಯಿತು.

ಮರುದಿನ ಸಂಜೆ, ಬಿರಡೆ ಹಾಕಿಟ್ಟಿದ್ದ ಎಂಕ್ರುಜಾದು ನೋಡಿದೆ. ಹುರಿದ ಬೀಜದ ಘಮ, ನಿಂಬೆ ಸಿಪ್ಪೆ, ಉದ್ದಕ್ಕೆ ಉಳಿಯುವ ರುಚಿ. ಬಾಯಿ ಬಿಟ್ಟಿತ್ತು, ಮಾತು ಜಾಸ್ತಿಯೇ ಆಗಿತ್ತು! ದೋರುವಿನದು ಆಗಲೇ ಒಂದು ಗ್ಲಾಸೂ ಉಳಿದಿರಲಿಲ್ಲ, ಹೋಲಿಸಿ ನೋಡಲು. ಅಜ್ಜಿಗೆ ಕೇಳಿದರೆ "ಖಾಲಿಯಾದದ್ದೇ ಗೆದ್ದದ್ದು" ಅಂದರು. ನಾನು ಇನ್ನೂ ಒಪ್ಪಿಲ್ಲ. ಮುಂದಿನ ವಾರ ಎರಡನ್ನೂ ತರುತ್ತೇನೆ, ಊಟಕ್ಕೆ ಅರ್ಧ ಗಂಟೆ ಮೊದಲೇ ಫ್ರಿಜ್ಜಿನಿಂದ ತೆಗೆದಿಟ್ಟು.