ಮಹಡಿ ಕಟ್ಟಲು ನಗರಪಾಲಿಕೆ ಪರವಾನಗಿ: 5ಕ್ಕೆ 3 ಅಂಕ

ಊರಿನ ಹೆಸರು ಬೇಡ. ಬೆಂಗಳೂರಲ್ಲ, ಒಂದು ಜಿಲ್ಲಾ ಕೇಂದ್ರ, ನಗರಪಾಲಿಕೆ ಇರುವ ಊರು. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಹಾಗಾಗಿ ಸ್ಟಾರ್ ಗೀರ್ ಬಿಟ್ಟು ಅಂಕವನ್ನೇ ಕೊಟ್ಟಿದ್ದೇನೆ.

ನಮ್ಮದು 30-50 ಸೈಟು. 1994ರಲ್ಲಿ ಮಾವನವರು ಕಟ್ಟಿಸಿದ ಒಂದೇ ಅಂತಸ್ತಿನ ಮನೆ. ಮಗ ಈಗ ಮನೆಯಿಂದಲೇ ಕೆಲಸ ಮಾಡುತ್ತಾನೆ. ಅವನ ಮೀಟಿಂಗು ಅತ್ತೆಗೆ ಆಗುವುದಿಲ್ಲ, ಅತ್ತೆಯ ಕುಕ್ಕರ್ ಸೀಟಿ ಅವನಿಗೆ ಆಗುವುದಿಲ್ಲ. ಮೇಲೆ ಎರಡು ರೂಮು, ಒಂದು ಬಾತ್‌ರೂಮು, ಚಿಕ್ಕ ಅಡುಗೆಮನೆ ಹಾಕಿ ನಾವು ಮೇಲೆ ಹೋಗುವುದು ಅಂತ ತೀರ್ಮಾನವಾಯಿತು.

"ಎರಡು ರೂಮಿಗೆಲ್ಲಾ ಯಾರು ಮೇಡಂ ಪರ್ಮಿಷನ್ ತಗೋತಾರೆ? ಗೋಡೆ ಎಬ್ಬಿಸಿ, ಒಂದು ಭಾನುವಾರ ನೋಡ್ಕೊಂಡು ಮೋಲ್ಡ್ ಹಾಕ್ಸಿ" ಅಂದರು ಎದುರುಮನೆಯವರು. ಅವರು ಮಾಡಿದ್ದು ಹಾಗೆಯೇ. ಆದರೆ ನಮಗೆ ಮೇಲಿನ ಮನೆಗೆ ಬೇರೆ ಮೀಟರ್ ಬೇಕಿತ್ತು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ, ಒಸಿ (ಕಟ್ಟಡ ನಕ್ಷೆಯಂತೆ ಮುಗಿದಿದೆ, ವಾಸಿಸಬಹುದು ಅಂತ ಪಾಲಿಕೆ ಕೊಡುವ ಪತ್ರ) ಇಲ್ಲದೆ ಹೊಸ ಕರೆಂಟ್ ಸಂಪರ್ಕ ಕೇಳಲು ಹೋದವರ ಪಾಡು ಸ್ಟಾಫ್ ರೂಮಿನಲ್ಲಿ ದಿನಾ ಕೇಳುತ್ತಿದ್ದೆ. ಒಸಿ ಬೇಕೆಂದರೆ ಪ್ಲಾನ್ ಬೇಕು. ಸರಿ, ನೆಟ್ಟಗೇ ಹೋಗೋಣ ಅಂದೆ.

ಅರ್ಜಿ ಆನ್‌ಲೈನ್. ಆದರೆ ನೀವೇ ಕೂತು ಹಾಕುವಂಥದ್ದಲ್ಲ, ನೋಂದಾಯಿತ ಇಂಜಿನಿಯರೇ ನಕ್ಷೆ ಬರೆದು ಹಾಕಬೇಕು. ನಮಗೆ ಸಿಕ್ಕಿದವರು ನನ್ನ ಹಳೆಯ ವಿದ್ಯಾರ್ಥಿ. ಫೀಸು 18 ಸಾವಿರ, ಗುರುದಕ್ಷಿಣೆ ಅಂತ ಒಂದು ರೂಪಾಯಿ ಬಿಡಲಿಲ್ಲ. ಕ್ರಯಪತ್ರ, ಇ-ಖಾತಾ, ಕಂದಾಯ ಕಟ್ಟಿದ ರಸೀದಿ, ಇಸಿ (ಆಸ್ತಿಯ ಮೇಲಿನ ಋಣಭಾರ ಪತ್ರ), ಆಧಾರ್ ಎಲ್ಲ ಕೇಳಿದರು. ಇಸಿಯನ್ನು ನೋಂದಣಿ ಇಲಾಖೆಯ ವೆಬ್‌ಸೈಟ್ ಕಾವೇರಿ 2.0ರಲ್ಲಿ ಮನೆಯಲ್ಲೇ ಕೂತು ತೆಗೆದೆ. ಮೊದಲೆಲ್ಲ ಅದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿ ಮುಂದೆ ಅರ್ಧ ದಿನ ನಿಲ್ಲಬೇಕಿತ್ತು.

ಆಮೇಲೆ ಆತ ಕೇಳಿದ್ದು, "ಹಳೇ ಪ್ಲಾನ್ ಎಲ್ಲಿದೆ ಮೇಡಂ?"

ಇಲ್ಲಿಂದ ನೋಡಿ ಕಥೆ. ನಾನು ಅಂದುಕೊಂಡಿದ್ದು ಮಹಡಿಗೆ ಪರವಾನಗಿ ಕೇಳುತ್ತಿದ್ದೇನೆ ಅಂತ. ಆದರೆ ಪಾಲಿಕೆ ನೋಡುವುದು ಕೆಳಗಿನ ಮನೆಯನ್ನು. ಅದು ನಕ್ಷೆಯಂತೆ ಇಲ್ಲದಿದ್ದರೆ ಮೇಲಿನದರ ಮಾತೇ ಇಲ್ಲ. ಪಾಲಿಕೆಯ ರೆಕಾರ್ಡ್ ರೂಮಿನಲ್ಲಿ 1994ರ ಕಡತ ಸಿಗಲಿಲ್ಲ. "ಹುಡುಕಿಸ್ತೀವಿ, ಬನ್ನಿ" ಅಂತ ಮೂರು ಸಲ ಕಳಿಸಿದರು. ಕೊನೆಗೆ ಅದು ಸಿಕ್ಕಿದ್ದು ಮಾವನವರ ಕಬ್ಬಿಣದ ಟ್ರಂಕಿನಲ್ಲಿ. ಮಡಿಕೆಯಲ್ಲೆಲ್ಲ ಹರಿದ ಬ್ಲೂ ಪ್ರಿಂಟ್, ಪಾಲಿಕೆಯ ಸೀಲು ಮಾತ್ರ ಸ್ಪಷ್ಟ.

ಅದನ್ನು ಹಿಡಿದುಕೊಂಡು ಮನೆ ಸುತ್ತಿದೆವು. ಕಿಟಕಿ ಒಂದು ಜಾಗ ಬದಲಾಗಿತ್ತು, ಅದು ದೊಡ್ಡ ವಿಷಯವಲ್ಲವಂತೆ. ಹಿತ್ತಲಿನ ಬಚ್ಚಲು ಮಾತ್ರ ನಕ್ಷೆಯಲ್ಲಿ ಇರಲೇ ಇಲ್ಲ. ಮಾವನವರು ಆಮೇಲೆ ಕಟ್ಟಿಸಿದ್ದು, ಸರಿಯಾಗಿ ಹಿಂದಿನ ಸೆಟ್‌ಬ್ಯಾಕಿನಲ್ಲಿ, ಅಂದರೆ ಮನೆಯ ಸುತ್ತ ಖಾಲಿ ಬಿಡಬೇಕಾದ ಜಾಗದಲ್ಲಿ, ಕಾಂಪೌಂಡಿಗೆ ಒರಗಿಸಿ. ಶೀಟಿನ ಮಾಡು, ಒಲೆ, ತಾಮ್ರದ ಹಂಡೆ. ಒಳಗೆ ಗೀಸರ್ ಇದ್ದರೂ ಅತ್ತೆಗೆ ಇವತ್ತಿಗೂ ಸ್ನಾನಕ್ಕೆ ಹಂಡೆ ನೀರೇ ಆಗಬೇಕು.

ಇಂಜಿನಿಯರ್ ಹೊಸ ನಕ್ಷೆಯಲ್ಲಿ ಆ ಬಚ್ಚಲನ್ನು ಹಳದಿ ಗೆರೆಗಳಲ್ಲಿ ತುಂಬಿದ. ಹೊಸದಾಗಿ ಕಟ್ಟುವುದು ಕೆಂಪು, ಒಡೆಯುವುದು ಹಳದಿ, ಅದು ನಿಯಮ. ಅತ್ತೆ ಕನ್ನಡಕ ಹಾಕಿಕೊಂಡು ನೋಡಿ, "ಇದಕ್ಕೊಂದಕ್ಕೆ ಯಾಕೋ ಅರಿಶಿನ ಬಳಿದಿದೀಯ?" ಅಂತ ಕೇಳಿದರು. ಆತ ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ. ಆ ರಾತ್ರಿ ಅತ್ತೆ ಊಟ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಅವರೇ, "ಒಡೆಸಿ, ಆದರೆ ಹಂಡೆ ಗುಜರಿಗೆ ಹಾಕಬೇಡಿ" ಅಂದರು.

ಪಾಯದ ವಿಚಾರವೂ ಹೇಳಬೇಕು, ಯಾಕೆಂದರೆ ಜಾಸ್ತಿ ಜನ ಇದನ್ನೇ ಮರೆಯುವುದು. ನಮ್ಮದು ಪಿಲ್ಲರ್ ಇಲ್ಲದ ಮನೆ, ಸೈಜುಕಲ್ಲಿನ ಪಾಯ, ಗೋಡೆಯ ಮೇಲೇ ಭಾರ. ಮೇಲೆ ಇನ್ನೊಂದು ಅಂತಸ್ತು ತಡೆಯುತ್ತದೆ ಅಂತ ಸ್ಟ್ರಕ್ಚರಲ್ ಇಂಜಿನಿಯರ್ ಬರೆದುಕೊಡಬೇಕಿತ್ತು. ಅವರು ಮನೆಯ ಮೂಲೆಯಲ್ಲಿ ಗುಂಡಿ ತೆಗೆಸಿ, ಪಾಯದ ಅಗಲ ಆಳ ಅಳೆದು, ಒಂದು ಅಂತಸ್ತು ಸರಿ, ಎರಡು ಬೇಡವೇ ಬೇಡ ಅಂದರು. 6 ಸಾವಿರ ಹೋಯಿತು. ಈ ಇಡೀ ವ್ಯವಹಾರದಲ್ಲಿ ನಾನು ಸಂತೋಷದಿಂದ ಕೊಟ್ಟ ದುಡ್ಡು ಅದೊಂದೇ.

ಪಾಲಿಕೆಯ ಜೆಇ (ಜೂನಿಯರ್ ಇಂಜಿನಿಯರ್) ಟೇಪ್ ಹಿಡಿದು ಬಂದರು, ಅಳೆದರು, ಫೋಟೋ ತೆಗೆದರು, ಕಾಫಿ ಬೇಡ ಅಂದರು. ಒಳ್ಳೆಯ ಮನುಷ್ಯ. ಕಡತ ಅವರ ಹತ್ತಿರ ಇದ್ದದ್ದು ನಾಲ್ಕೇ ದಿನ. ಮುಂದಿನ ಮೇಜಿನಲ್ಲಿ ಕೂತಿತು. ಇಪ್ಪತ್ತು ದಿನ ಏನೂ ಇಲ್ಲ, ಆಮೇಲೆ ಒಂದು ಆಕ್ಷೇಪಣೆ: ಕ್ರಯಪತ್ರದಲ್ಲಿ ಅಳತೆ ಅಡಿಯಲ್ಲಿದೆ, ಖಾತೆಯಲ್ಲಿ ಮೀಟರಿನಲ್ಲಿದೆ, ಎರಡೂ ತಾಳೆಯಾಗುವುದಿಲ್ಲ. ಗುಣಾಕಾರ ಮಾಡಿದರೆ ತಾಳೆಯಾಗುತ್ತದೆ! 0.3048ರಿಂದ ಗುಣಿಸಿ ಒಂದು ಬಿಳಿ ಹಾಳೆಯಲ್ಲಿ ಬರೆದುಕೊಟ್ಟೆ. ಎಂಟನೇ ಕ್ಲಾಸಿನ ಲೆಕ್ಕಕ್ಕೆ ಹನ್ನೊಂದು ದಿನ ತಗೊಂಡರು.

ಇದು ಸರ್ಕಾರಿ ಕೆಲಸಕ್ಕೆ ಗಡುವು ಹಾಕುವ 'ಸಕಾಲ' ಕಾಯ್ದೆಯ ಅಡಿ ಬರುವ ಸೇವೆ, 15 ಅಂಕಿಯ ನಂಬರ್ ಕೊಡುತ್ತಾರೆ. ತಡವಾದರೆ ದಿನಕ್ಕೆ 20 ರೂಪಾಯಿ ಪರಿಹಾರ, ಹೆಚ್ಚೆಂದರೆ 500. ಅಂದರೆ 25 ದಿನ ತಡವಾದ ಮೇಲೆ 26ನೇ ದಿನದಿಂದ ತಡ ಮಾಡುವುದು ಬಿಟ್ಟಿ. ಅಷ್ಟಾಗಿಯೂ ನನಗೆ ಆ ಭಾಗ್ಯ ಬರಲಿಲ್ಲ. ಆಕ್ಷೇಪಣೆ ಹಾಕಿದ ಮೇಲೆ ದಿನದ ಎಣಿಕೆ ನಿಂತುಬಿಟ್ಟಿತ್ತು.

ಶುಲ್ಕಗಳೆಲ್ಲ ಡಿಮ್ಯಾಂಡ್ ನೋಟಿಸಿನಲ್ಲಿ ಬಿಡಿಬಿಡಿಯಾಗಿ ಬಂದವು, ಆನ್‌ಲೈನಿನಲ್ಲೇ ಕಟ್ಟಿದೆ. ಅದರಲ್ಲಿ ಕಾರ್ಮಿಕ ಸೆಸ್ ಒಂದು, ಕಟ್ಟಡದ ವೆಚ್ಚದ ಶೇ. 1. ಆಗಿನ ನಿಯಮದಂತೆ ಸ್ವಂತ ವಾಸದ ಮನೆಯ ವೆಚ್ಚ 10 ಲಕ್ಷ ದಾಟದಿದ್ದರೆ ಸೆಸ್ ಇರಲಿಲ್ಲ. "9 ಲಕ್ಷ 90 ಸಾವಿರ ಅಂತ ಬರೀಲಾ ಮೇಡಂ?" ಅಂದ ಶಿಷ್ಯ. ಬೇಡ ಅಂದೆ. 14 ಲಕ್ಷಕ್ಕೆ 14 ಸಾವಿರ ಕಟ್ಟಿದೆ. ಗಾರೆ ಕೆಲಸದವರ ಮಕ್ಕಳು ನನ್ನ ಕ್ಲಾಸಿನಲ್ಲೇ ಕೂರುತ್ತಾರೆ, ಆ ಸೆಸ್ಸಿನ ಸ್ಕಾಲರ್‌ಶಿಪ್ ಅರ್ಜಿಗೆ ಸಹಿ ಮಾಡಿಸಲು ನನ್ನ ಹತ್ತಿರವೇ ಬರುತ್ತಾರೆ.

ಲಂಚ? ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಇಂಜಿನಿಯರ್ ಬಿಲ್ಲಿನಲ್ಲಿ ಮಾತ್ರ "ಇತರೆ ಓಡಾಟ 4,000" ಅಂತ ಒಂದು ಸಾಲು ಇತ್ತು. ಎಲ್ಲಿಗೆ ಓಡಾಡಿದೆಯಪ್ಪಾ ಅಂತ ಕೇಳಿದರೆ ಪೆನ್ನಿನ ಮುಚ್ಚಳ ಕಚ್ಚಿಕೊಂಡು ನಕ್ಕ. ಶಾಲೆಯಲ್ಲೂ ಹೋಮ್‌ವರ್ಕ್ ಮಾಡದ ದಿನ ಹಾಗೆಯೇ ನಗುತ್ತಿದ್ದ. ಅರ್ಧ ಅಂಕ ಅಲ್ಲಿ ಹೋಯಿತು, ರೆಕಾರ್ಡ್ ರೂಮಿಗೆ ಒಂದು, ಅಡಿ-ಮೀಟರ್ ಆಕ್ಷೇಪಣೆಗೆ ಅರ್ಧ.

ಅರ್ಜಿ ಹಾಕಿ 67ನೇ ದಿನಕ್ಕೆ ಡಿಜಿಟಲ್ ಸಹಿಯ ಪರವಾನಗಿ ಮೊಬೈಲಿಗೆ ಬಂತು. ಈಗ ಮಹಡಿ ಎದ್ದಿದೆ, ಬಣ್ಣವೂ ಆಗಿದೆ, ಒಸಿಗೆ ಅರ್ಜಿ ಹಾಕಿದ್ದೇನೆ. ಬುಧವಾರ ಜೆಇ ಮತ್ತೆ ಅಳೆಯಲು ಬರುತ್ತಾರೆ. ಬಚ್ಚಲು ಒಡೆದ ಜಾಗದಲ್ಲಿ ಅತ್ತೆ ಮೂರು ಕಲ್ಲಿಟ್ಟು, ಬಯಲಲ್ಲೇ ಹಂಡೆ ಕೂರಿಸಿ, ಕೊಡದಲ್ಲಿ ಬಿಸಿನೀರು ಒಳಗೆ ಹೊರಿಸುತ್ತಿದ್ದಾರೆ. ಅದು ಕಟ್ಟಡದ ಲೆಕ್ಕಕ್ಕೆ ಬರುತ್ತದಾ, ಇಲ್ಲ ಬುಧವಾರದ ಮಟ್ಟಿಗೆ ಎದುರುಮನೆಗೆ ಸಾಗಿಸಬೇಕಾ ಅಂತ ನಿನ್ನೆಯಿಂದ ಕೇಳುತ್ತಿದ್ದಾರೆ.